ಸೊನ್ನೆಯ ಕೆಳಗಿನ ಅಂಕಿ

ಶ್ವಾಸಕೋಶದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿದು ತಿಂಗಳು ತುಂಬುವಷ್ಟರಲ್ಲಿ ಡೊಂಬಿವಲಿಯಿಂದಲೋ ಮಾಟುಂಗದಿಂದಲೋ ನಮ್ಮವರು ಬಂದು ಕೂರುತ್ತಾರೆ. ಕಡತದಲ್ಲಿ ಬಿಲ್ಲು, ವಿಮೆಯ ಪತ್ರ, ಡಿಸ್ಚಾರ್ಜ್ ಕಾರ್ಡು ಎಲ್ಲವೂ ಇರುತ್ತವೆ, ತೆಗೆದ ಭಾಗವನ್ನು ಪರೀಕ್ಷಿಸಿದ ಹಿಸ್ಟೊಪೆಥಾಲಜಿ ವರದಿಯೊಂದನ್ನು ಬಿಟ್ಟು. 'ಮೊದಲ ಹಂತವಂತೆ ಡಾಕ್ಟ್ರೇ, ಗಡ್ಡೆ ಪೂರ್ತಿ ತೆಗೆದಿದ್ದಾರಂತೆ, ಬದುಕುವ ಸಾಧ್ಯತೆ ನೂರಕ್ಕೆ ಎಷ್ಟು ಅಂತ ಹೇಳಿ' ಎನ್ನುತ್ತಾರೆ. ಹೇಳಬೇಕಾದದ್ದು ಇರುವುದು ಮನೆಯಲ್ಲಿ ಬಿಟ್ಟುಬಂದ ಆ ಎರಡು ಹಾಳೆಗಳಲ್ಲಿ.

ಕ್ಯಾನ್ಸರಿನ ಹಂತ ಗುರುತಿಸುವ ಟಿಎನ್ಎಂ ವರ್ಗೀಕರಣದ ಎಂಟನೆಯ ಆವೃತ್ತಿಯ ಲೆಕ್ಕದಲ್ಲಿ, ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡದ, ಒಂದು ಸೆಂಟಿಮೀಟರ್ ಮೀರದ ಗಡ್ಡೆಯಿದ್ದವರಲ್ಲಿ ಶೇ. 90ರಷ್ಟು ಮಂದಿ ಐದು ವರ್ಷದ ಬಳಿಕವೂ ಬದುಕಿದ್ದರು. ಮೂರರಿಂದ ನಾಲ್ಕು ಸೆಂಟಿಮೀಟರಿನವರಲ್ಲಿ (1ಬಿ ಹಂತ) ಶೇ. 73. ಗಡ್ಡೆ ಎಷ್ಟೇ ಚಿಕ್ಕದಿರಲಿ, ಶ್ವಾಸಕೋಶದ ಬುಡದ ದುಗ್ಧಗ್ರಂಥಿಗೆ ಹರಡಿದ್ದರೆ ಆ ಆವೃತ್ತಿಯಲ್ಲಿ ಅದು 2ಬಿ ಹಂತ, ಅಂಕಿ 56ಕ್ಕೆ ಇಳಿಯುತ್ತದೆ.

ಹಾಗಾದರೆ ಗ್ರಂಥಿಗೆ ಹರಡಿಲ್ಲ ಎಂದು ಹೇಳಿದ್ದು ಎಷ್ಟು ಗ್ರಂಥಿಗಳನ್ನು ನೋಡಿ? ವರದಿಯಲ್ಲಿ ಒಬ್ಬರಿಗೆ 0/14 ಎಂದಿರುತ್ತದೆ, ಇನ್ನೊಬ್ಬರಿಗೆ 0/2. ಕೆಳಗಿನ ಅಂಕಿ ಪರೀಕ್ಷಿಸಿದ ಗ್ರಂಥಿಗಳದ್ದು, ಮೇಲಿನದು ಅವುಗಳಲ್ಲಿ ರೋಗ ಕಂಡವುಗಳದ್ದು. ಎರಡರಲ್ಲೂ ಮೇಲಿರುವುದು ಸೊನ್ನೆಯೇ, ಇಬ್ಬರದ್ದೂ ಕಾಗದದ ಮೇಲೆ ಮೊದಲ ಹಂತವೇ. ಆದರೆ ಮೊದಲನೆಯವರಿಗೆ ಹೇಳುವ ಧೈರ್ಯದಲ್ಲಿ ಎರಡನೆಯವರಿಗೆ ಶೇಕಡಾವಾರು ಹೇಳಲು ನನಗೆ ನಾಲಗೆ ಏಳುವುದಿಲ್ಲ. ಶ್ವಾಸಕೋಶದೊಳಗಿನ ಮತ್ತು ಬುಡದ ಮೂರು, ಎದೆಯ ನಡುಭಾಗದಿಂದ (ಶ್ವಾಸನಾಳ ಕವಲೊಡೆಯುವ ಜಾಗವೂ ಸೇರಿ) ಮೂರು, ಹೀಗೆ ಕನಿಷ್ಠ ಆರನ್ನಾದರೂ ಪರೀಕ್ಷಿಸಬೇಕೆಂಬುದು ಅಂತರರಾಷ್ಟ್ರೀಯ ಶಿಫಾರಸು. ಕುಂದಾಪುರದ ಕಡೆಯ ಹಿರಿಯ ಹೋಟೆಲಿಗರೊಬ್ಬರು ನನ್ನ ವಿವರಣೆ ಮುಗಿಯುವ ಮೊದಲೇ, 'ಮೂಟೆಯ ಬಾಯಲ್ಲಿ ಎರಡು ಕಾಳು ನೋಡಿ ಅಕ್ಕಿಗೆ ಹುಳ ಬಿದ್ದಿಲ್ಲ ಅಂದ ಹಾಗಾಯ್ತಲ್ಲ!' ಎಂದರು. ಪಕ್ಕದಲ್ಲಿ ಕೂತಿದ್ದ ಅವರ ಮಗ ಮಾತ್ರ, ಬದುಕುವ ಸಾಧ್ಯತೆ ಲೆಕ್ಕಹಾಕುವ ಮೊಬೈಲಿನ ಲೆಕ್ಕಯಂತ್ರ ದಶಮಾಂಶದವರೆಗೆ ಕೊಟ್ಟಿದ್ದ ಅಂಕಿಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಗ್ರಂಥಿಗಳ ಜಾಗದಲ್ಲಿ ಅವನು ಒತ್ತಿದ್ದು ಬರಿಯ ಸೊನ್ನೆ.

ಇಷ್ಟು ಹೇಳಿದ ಮಾತ್ರಕ್ಕೆ ಯಾರೂ ಗಾಬರಿಯಾಗಬೇಕಿಲ್ಲ, ಶಸ್ತ್ರಚಿಕಿತ್ಸಕರನ್ನು ಬೈಯಲೂ ಬೇಕಿಲ್ಲ. ಕಡಿಮೆ ಗ್ರಂಥಿ ಸಿಕ್ಕಿದೆ ಎಂದರೆ ರೋಗ ಅಡಗಿದೆ ಎಂದು ಅರ್ಥವಲ್ಲ. ನಮ್ಮಲ್ಲಿ ಹಿಂದೆ ಕ್ಷಯ ಬಂದುಹೋದವರು ಬಹಳ. ಅವರ ಗ್ರಂಥಿಗಳು ರಕ್ತನಾಳಕ್ಕೆ ಅಂಟಿಕೊಂಡಿರುವುದುಂಟು, ಹಟ ಹಿಡಿದು ಬಿಡಿಸಹೊರಟರೆ ಪ್ರಾಣಕ್ಕೇ ಅಪಾಯ.

ವರದಿಯ ಉಳಿದ ಸಾಲುಗಳೂ ಮುಖ್ಯವೇ. ಗಡ್ಡೆ ಶ್ವಾಸಕೋಶದ ಹೊರಪೊರೆಯನ್ನು ಭೇದಿಸಿದ್ದರೆ ಎರಡೇ ಸೆಂಟಿಮೀಟರಿದ್ದರೂ 1ಬಿ ಹಂತವಾಗುತ್ತದೆ. ರಕ್ತನಾಳದೊಳಗೆ ಕ್ಯಾನ್ಸರಿನ ಜೀವಕೋಶಗಳು ಕಂಡಿದ್ದರೆ ಎಚ್ಚರ ಹೆಚ್ಚು ಬೇಕು. ಜೊತೆಗೆ, ಆ ಶೇಕಡಾವಾರಿನಲ್ಲಿ ಹೃದಯಾಘಾತದಿಂದ ಸತ್ತವರೂ ಸೇರಿರುತ್ತಾರೆ. ಆದ್ದರಿಂದ ಸಕ್ಕರೆ ಕಾಯಿಲೆ, ಬೀಡಿ, ಸಿಗರೇಟಿನ ವಿಚಾರ ಕೇಳಿದರೆ ದಯವಿಟ್ಟು ಮುನಿಸಿಕೊಳ್ಳಬೇಡಿ.

ವರದಿಯನ್ನು ಬೇಗ ತನ್ನಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ತೆಗೆದ ಭಾಗವನ್ನು ಪ್ರಯೋಗಾಲಯಗಳು ಸಾಮಾನ್ಯವಾಗಿ ಕೆಲವು ವಾರಗಳಷ್ಟೇ ಫಾರ್ಮಲಿನ್‌ನಲ್ಲಿ ಇಟ್ಟು, ಆಮೇಲೆ ವಿಲೇವಾರಿ ಮಾಡುತ್ತವೆ. ಅದು ಇನ್ನೂ ಉಳಿದಿದ್ದರೆ, ಒಳಗಿನ ಗ್ರಂಥಿಗಳನ್ನು ಮತ್ತೊಮ್ಮೆ ಹುಡುಕಿ ನೋಡುವಂತೆ ಕೇಳಬಹುದು. ಒಂದರಲ್ಲಿ ರೋಗ ಕಂಡರೂ ಸಾಕು, ಕೀಮೋಥೆರಪಿ ಬೇಕೇ ಬೇಡವೇ ಎಂಬ ತೀರ್ಮಾನವೇ ಬದಲಾಗಬಹುದು.