ಸಬ್‌ವೂಫರ್‌ನ ‘ಡಿಸ್ಟೆನ್ಸ್’ ದೂರವಲ್ಲ, ಸಮಯ: ಹೋಮ್ ಥಿಯೇಟರ್ ಹೊಂದಾಣಿಕೆಯ ಟಿಪ್ಪಣಿ

ಹೋಮ್ ಥಿಯೇಟರ್‌ನ ಚಿತ್ರವನ್ನೂ ಧ್ವನಿಯನ್ನೂ ಅಳತೆಗೆ ತರುವ ಕೆಲಸವನ್ನು ಈ ವಾರ ಮುಗಿಸಿದೆ. ಚಿತ್ರದ ಭಾಗ ಒಂದೇ ಸಂಜೆಯಲ್ಲಿ ಮುಗಿಯಿತು. ಧ್ವನಿಯ ಭಾಗದಲ್ಲಿ ಮಾತ್ರ ಸಬ್‌ವೂಫರ್‌ನ (ಅತಿ ಕೆಳಗಿನ ಧ್ವನಿಗಳಿಗೆಂದೇ ಇರುವ ಸ್ಪೀಕರ್) ದೂರ ಎಂಬ ಒಂದು ಅಂಕಿ ನನ್ನನ್ನು ನಾಲ್ಕು ದಿನ ಕಾಡಿತು. ಅರ್ಥವಾದದ್ದು ಮರೆತುಹೋಗುವ ಮೊದಲೇ, ಇದೇ ಹಂತದಲ್ಲಿ ತಡವರಿಸುತ್ತಿರುವ ಇತರ ಕಲಿಕೆದಾರರಿಗೂ ನೆರವಾಗಲೆಂದು ಬರೆದಿಡುತ್ತಿದ್ದೇನೆ.

ಚಿತ್ರ

ಟಿವಿಯನ್ನು ಸಿನಿಮಾ ಮೋಡ್‌ಗೆ ತಂದು, ಕಲರ್ ಟೆಂಪರೇಚರ್ ಅನ್ನು ವಾರ್ಮ್‌ಗೆ ಇಡಬೇಕು. ಚಿತ್ರಗಳನ್ನು ಸಿದ್ಧಪಡಿಸುವಾಗ ಸುಮಾರು 6500 ಕೆಲ್ವಿನ್‌ನ ಬಿಳಿಯನ್ನು ಆಧಾರವಾಗಿ ಇಟ್ಟುಕೊಂಡಿರುತ್ತಾರೆ. ವಾರ್ಮ್ ಆಯ್ಕೆ ಸಾಮಾನ್ಯವಾಗಿ ಅದಕ್ಕೆ ಹತ್ತಿರವಿರುತ್ತದೆ. ಮೊದಲೆರಡು ದಿನ ಪರದೆ ಹಳದಿಯಾಗಿ ಕಂಡರೆ ಅದು ನೀಲಿಯ ಕಡೆ ವಾಲಿದ ಬಿಳಿಗೆ ಕಣ್ಣು ಒಗ್ಗಿಹೋಗಿರುವುದರ ಪರಿಣಾಮವಷ್ಟೇ. ಚಲನೆಯನ್ನು ನಯಗೊಳಿಸುವ ಆಯ್ಕೆಯನ್ನು ಆಫ್ ಮಾಡಿ, ಅಂಚುಗಳ ಸುತ್ತ ಬಿಳಿ ಗೆರೆ ಮಾಯವಾಗುವವರೆಗೆ ಶಾರ್ಪ್‌ನೆಸ್ ಇಳಿಸಬೇಕು.

ಇಲ್ಲಿ ಹೆಸರುಗಳೇ ದಾರಿ ತಪ್ಪಿಸುತ್ತವೆ. ಬಹುತೇಕ ಟಿವಿಗಳಲ್ಲಿ ಬ್ರೈಟ್‌ನೆಸ್ ಎಂಬುದು ಕಪ್ಪಿನ ಮಟ್ಟವನ್ನೂ ಕಾಂಟ್ರಾಸ್ಟ್ ಎಂಬುದು ಬಿಳಿಯ ಮಟ್ಟವನ್ನೂ ಬದಲಿಸುತ್ತವೆ. ಕೆಲವು ಟಿವಿಗಳು ಮಾತ್ರ ಬ್ಯಾಕ್‌ಲೈಟ್‌ಗೇ ಬ್ರೈಟ್‌ನೆಸ್ ಎಂದು ಹೆಸರಿಟ್ಟಿರುತ್ತವೆ. ಹೊಳಪನ್ನು 0ಯಿಂದ 255ರ ಅಂಕಿಗಳಲ್ಲಿ ಹೇಳುವ 8 ಬಿಟ್ ವಿಡಿಯೊದಲ್ಲಿ 16 ಎಂದರೆ ಕಪ್ಪು, 235 ಎಂದರೆ ಬಿಳಿ. ಪರೀಕ್ಷಾ ಚಿತ್ರದಲ್ಲಿ 16ಕ್ಕಿಂತ ಕೆಳಗಿನ ಪಟ್ಟಿಗಳು ಕಪ್ಪಿನಲ್ಲಿ ಕರಗಿಹೋಗಿ, ಅದಕ್ಕಿಂತ ಸ್ವಲ್ಪ ಮೇಲಿನವು ಮಾತ್ರ ಮಸುಕಾಗಿ ಕಾಣುವಂತೆ ಬ್ರೈಟ್‌ನೆಸ್ ನಿಲ್ಲಿಸಬೇಕು. ಆದರೆ ಅದಕ್ಕೂ ಮೊದಲು ಪ್ಲೇಯರ್ ಮತ್ತು ಟಿವಿ ಎರಡೂ ಒಂದೇ ವ್ಯಾಪ್ತಿಯನ್ನು ಬಳಸುತ್ತಿವೆಯೇ ಎಂದು ನೋಡಿಕೊಳ್ಳಬೇಕು. ಪ್ಲೇಯರ್ 16ರಿಂದ 235ರ ವ್ಯಾಪ್ತಿಯಲ್ಲಿ ಕಳುಹಿಸುತ್ತಿದ್ದು ಟಿವಿ 0ಯಿಂದ 255 ಎಂದು ಓದುತ್ತಿದ್ದರೆ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ, ಮತ್ತು ಆ ದೋಷವನ್ನು ಬ್ರೈಟ್‌ನೆಸ್‌ನಿಂದ ಮುಚ್ಚಲು ಹೋಗಬಾರದು.

ಧ್ವನಿ

ಮುಂದಿನ ಎರಡು ಸ್ಪೀಕರ್‌ಗಳು ಕುಳಿತುಕೊಳ್ಳುವ ಜಾಗದ ನೇರ ಗೆರೆಯಿಂದ ತಲಾ 30 ಡಿಗ್ರಿ, ಪಕ್ಕದ ಸರೌಂಡ್ ಸ್ಪೀಕರ್‌ಗಳು ಸುಮಾರು 110 ಡಿಗ್ರಿ. ಎಲ್ಲವೂ ಸ್ಮಾಲ್ (ಕೆಳಗಿನ ಧ್ವನಿಯನ್ನು ಸಬ್‌ವೂಫರ್‌ಗೆ ಬಿಡುವ ಆಯ್ಕೆ), ಹಾಗೆ ಬಿಡುವ ಗಡಿಯಾದ ಕ್ರಾಸ್‌ಓವರ್ 80 ಹರ್ಟ್ಜ್. ಧ್ವನಿಮಾಪಕವನ್ನು ಸಿ ವೆಯ್ಟಿಂಗ್ (ಕೆಳಗಿನ ಧ್ವನಿಯನ್ನೂ ಬಹುತೇಕ ಪೂರ್ತಿ ಎಣಿಸುವ ಆಯ್ಕೆ) ಮತ್ತು ಸ್ಲೋನಲ್ಲಿಟ್ಟು (ಅಂಕಿ ನಿಧಾನವಾಗಿ ಬದಲಾಗುವ ಆಯ್ಕೆ), ಕಿವಿಯ ಎತ್ತರದಲ್ಲಿ ಹಿಡಿದು, ರಿಸೀವರ್‌ನ (ಎಲ್ಲ ಸ್ಪೀಕರ್‌ಗಳಿಗೂ ಧ್ವನಿ ಹಂಚುವ ಪೆಟ್ಟಿಗೆ) ಟೆಸ್ಟ್ ಟೋನ್‌ಗೆ ಪ್ರತಿ ಸ್ಪೀಕರ್ 75 ಡೆಸಿಬಲ್ ಕೊಡುವಂತೆ ಮಟ್ಟ ಸರಿಪಡಿಸಿದೆ. ಇಷ್ಟರಲ್ಲಿ ಯಾವ ತೊಡಕೂ ಇರಲಿಲ್ಲ.

ನನ್ನ ತಪ್ಪು ನಡೆದದ್ದು ಮುಂದಿನ ಹೆಜ್ಜೆಯಲ್ಲಿ. ರಿಸೀವರ್ ತನ್ನ ಮೈಕ್‌ನಿಂದ ತಾನೇ ಅಳೆದು ಮುಂದಿನ ಸ್ಪೀಕರ್‌ಗಳು 3 ಮೀಟರ್ ದೂರದಲ್ಲಿವೆ ಎಂದು ಹೇಳಿತು, ಅದು ಸರಿಯಾಗಿತ್ತು. ಸಬ್‌ವೂಫರ್ 4.1 ಮೀಟರ್ ಎಂದಿತು. ಟೇಪ್ ಹಿಡಿದು ನೋಡಿದರೆ ಅದು ಇದ್ದದ್ದು 2.4 ಮೀಟರ್‌ನಲ್ಲಿ. ಯಂತ್ರ ತಪ್ಪು ಅಳೆದಿದೆ ಎಂದು ತೀರ್ಮಾನಿಸಿ 2.4 ಎಂದು ತಿದ್ದಿದೆ. ಅಲ್ಲಿಂದಾಚೆಗೆ ಡ್ರಮ್‌ನ ಹೊಡೆತದಲ್ಲಿ ತೂಕವೇ ಇಲ್ಲದಂತಾಯಿತು; ಸಬ್‌ವೂಫರ್‌ನ ಮಟ್ಟ ಏರಿಸಿದರೆ ಅತಿ ಕೆಳಗಿನ ಗುಡುಗು ಹೆಚ್ಚಿತೇ ಹೊರತು ಹೊಡೆತ ಮರಳಿ ಬರಲಿಲ್ಲ.

ರಿಸೀವರ್‌ಗೆ ದೂರ ತಿಳಿಯಬೇಕಾಗಿರುವುದು ಸಮಯ ಲೆಕ್ಕಹಾಕುವುದಕ್ಕಾಗಿ ಮಾತ್ರ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್. ಎಲ್ಲ ಸ್ಪೀಕರ್‌ಗಳ ಧ್ವನಿ ಕಿವಿಗೆ ಒಟ್ಟಿಗೆ ಮುಟ್ಟಬೇಕಾದ್ದರಿಂದ, ಅತಿ ದೂರದ ಸ್ಪೀಕರ್‌ಗಾಗಿ ಹತ್ತಿರದವುಗಳನ್ನು ರಿಸೀವರ್ ತಡೆದು ನಿಲ್ಲಿಸುತ್ತದೆ. ಸಬ್‌ವೂಫರ್‌ನ ಒಳಗಿನ ಫಿಲ್ಟರ್ ಮತ್ತು ಡಿಜಿಟಲ್ ಸಂಸ್ಕರಣೆಗಳು ಧ್ವನಿಯನ್ನು ಹೊರಬಿಡುವ ಮೊದಲೇ ಒಂದಿಷ್ಟು ತಡಮಾಡುತ್ತವೆ. ಈ ತಡ ಟೇಪಿಗೆ ಕಾಣುವುದಿಲ್ಲ, ಮೈಕ್‌ಗೆ ಕೇಳಿಸುತ್ತದೆ. 4.1ರಲ್ಲಿ 2.4 ಕಳೆದರೆ ಉಳಿಯುವ 1.7 ಮೀಟರ್ ಎಂದರೆ ಸುಮಾರು 5 ಮಿಲಿಸೆಕೆಂಡು; ನನ್ನ ಸಬ್‌ವೂಫರ್‌ನ ಒಳಗಿನ ತಡ ಅಷ್ಟು.

ಈಗ ನನ್ನ ತಿದ್ದುಪಡಿ ಏನು ಮಾಡಿತು ಎಂದು ಲೆಕ್ಕ ಹಾಕೋಣ. ಮುಂದಿನ ಸ್ಪೀಕರ್‌ನ ಧ್ವನಿ 3 ಮೀಟರ್ ಸಾಗಲು 8.75 ಮಿಲಿಸೆಕೆಂಡು ಬೇಕು. ಸಬ್‌ವೂಫರ್‌ನದಕ್ಕೆ 2.4 ಮೀಟರ್‌ಗೆ 7, ಒಳಗಿನ ತಡ 5, ಒಟ್ಟು 12. ಅದು ಆಗಲೇ ಹಿಂದೆ ಬಿದ್ದಿದೆ. ನಾನು 2.4 ಎಂದು ಬರೆದದ್ದರಿಂದ ರಿಸೀವರ್ ಅದನ್ನು ಹತ್ತಿರದ್ದೆಂದು ನಂಬಿ ಇನ್ನೂ 1.75 ಮಿಲಿಸೆಕೆಂಡು ತಡೆಯಿತು. ಹೀಗಾಗಿ ಸಬ್‌ವೂಫರ್ ತಲುಪಿದ್ದು 13.75ಕ್ಕೆ, 5 ಮಿಲಿಸೆಕೆಂಡು ತಡವಾಗಿ. 80 ಹರ್ಟ್ಜ್ ತರಂಗದ ಒಂದು ಆವರ್ತಕ್ಕೆ 12.5 ಮಿಲಿಸೆಕೆಂಡು, ಅದರಲ್ಲಿ 5 ಎಂದರೆ 144 ಡಿಗ್ರಿ, ಪೂರ್ತಿ ವಿರುದ್ಧವಾಗಲು ಬೇಕಾದ 180ಕ್ಕೆ ಬಹಳ ಹತ್ತಿರ. ಎರಡರ ಮಟ್ಟವೂ ಸಮವಾಗಿದ್ದು, ಕ್ರಾಸ್‌ಓವರ್‌ನ ಸ್ವಂತ ಫೇಸ್ (ತರಂಗದ ಏರಿಳಿತದ ಹಂತ) ಬದಲಾವಣೆಯನ್ನು ಬಿಟ್ಟು ನೋಡಿದರೆ, ಅವು ಒಂದಾಗಿ ಸೇರಿದಾಗ ಬರಬೇಕಾದ ಮಟ್ಟಕ್ಕಿಂತ ಸುಮಾರು 10 ಡೆಸಿಬಲ್ ಕಡಿಮೆ ಬರುತ್ತದೆ. ಡ್ರಮ್‌ನ ತೂಕ ಹೋದದ್ದು ಅಲ್ಲಿ.

ನನಗೆ ಇದರಲ್ಲಿ ಅತ್ಯಂತ ಕಷ್ಟವಾದದ್ದು ದಿಕ್ಕು. ಸಬ್‌ವೂಫರ್‌ನ ದೂರ ಹೆಚ್ಚಿಸಿದರೆ ಅದು ಇನ್ನಷ್ಟು ತಡವಾಗಿ ಬರುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ನಡೆಯುವುದು ಅದರ ತದ್ವಿರುದ್ಧ. ದೂರ ಹೆಚ್ಚೆಂದು ಬರೆದಷ್ಟೂ ರಿಸೀವರ್ ಅದನ್ನು ಕಡಿಮೆ ತಡೆಯುತ್ತದೆ. ತಡೆಯುವುದಕ್ಕೆ ಏನೂ ಉಳಿಯದಿದ್ದಾಗ ಉಳಿದ ಸ್ಪೀಕರ್‌ಗಳನ್ನು ತಡೆಯುತ್ತದೆ. 4.1 ಎಂದು ಬರೆದಾಗ ಮುಂದಿನ ಸ್ಪೀಕರ್‌ಗಳು 1.1 ಮೀಟರ್‌ನಷ್ಟು, ಅಂದರೆ ಸುಮಾರು 3.2 ಮಿಲಿಸೆಕೆಂಡು ಕಾಯುತ್ತವೆ; 8.75ಕ್ಕೆ ಅದನ್ನು ಕೂಡಿಸಿದರೆ ಅವೂ 12ಕ್ಕೆ ಬಂದು ಸೇರುತ್ತವೆ. ಈ ಲೆಕ್ಕವನ್ನು ಕಾಗದದ ಮೇಲೆ ಮೂರು ಸಲ ಮಾಡಿದ ಮೇಲೆಯೇ ನನಗೆ ನಂಬಿಕೆ ಬಂದದ್ದು.

ಕಿವಿ ಮತ್ತು ಮಾಪಕದಿಂದಲೇ ಇದನ್ನು ಪರೀಕ್ಷಿಸುವ ಒಂದು ವಿಧಾನ ನನಗೆ ಬಹಳ ಇಷ್ಟವಾಯಿತು. ಎಡ ಸ್ಪೀಕರ್ ಮತ್ತು ಸಬ್‌ವೂಫರ್ ಎರಡರಿಂದಲೂ 80 ಹರ್ಟ್ಜ್ ಧ್ವನಿ ಹೊರಡಿಸಿ, ಸಬ್‌ವೂಫರ್‌ನ ಹಿಂಬದಿಯ ಫೇಸ್ ಸ್ವಿಚ್ ಅನ್ನು 180ಕ್ಕೆ ಹಾಕಬೇಕು. ಬಳಿಕ ದೂರವನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತಾ ಮಾಪಕದ ಅಂಕಿ ಅತಿ ಕಡಿಮೆಯಾಗುವ ಜಾಗವನ್ನು ಹುಡುಕಬೇಕು. ಅಲ್ಲಿ ಎರಡೂ ಒಂದನ್ನೊಂದು ಅಳಿಸುತ್ತಿವೆ. ಸ್ವಿಚ್ ಅನ್ನು 0ಗೆ ಮರಳಿಸಿದರೆ ಅದೇ ಜಾಗದಲ್ಲಿ ಒಂದಕ್ಕೊಂದು ಬಲ ಕೊಡುತ್ತವೆ. ನೇರವಾಗಿ ಅತಿ ಹೆಚ್ಚಿನ ಮಟ್ಟವನ್ನು ಹುಡುಕದಿರಲು ಕಾರಣವಿದೆ: ಶಿಖರ ಅಗಲವಾಗಿ ಚಪ್ಪಟೆಯಾಗಿರುತ್ತದೆ, ಕಣಿವೆ ಕಿರಿದಾಗಿ ಆಳವಾಗಿರುತ್ತದೆ, ಆದ್ದರಿಂದ ಕಣಿವೆಯ ತಳವನ್ನು ಗುರುತಿಸುವುದು ಸುಲಭ. ನನಗೆ ಅದು 4.2 ಮೀಟರ್‌ನಲ್ಲಿ ಸಿಕ್ಕಿತು. 80 ಹರ್ಟ್ಜ್ ತರಂಗದ ಉದ್ದವೇ ಸುಮಾರು 4.3 ಮೀಟರ್ ಇರುವಾಗ, ರಿಸೀವರ್ ಹೇಳಿದ್ದಕ್ಕೂ ಇದಕ್ಕೂ ಇರುವ 10 ಸೆಂಟಿಮೀಟರ್ ವ್ಯತ್ಯಾಸ ಲೆಕ್ಕಕ್ಕೆ ಬಾರದು.

ಒಂದು ಎಚ್ಚರಿಕೆ ಅಗತ್ಯ. ಒಂದೇ ಆವರ್ತನದ ಧ್ವನಿ ಪ್ರತಿ ಆವರ್ತಕ್ಕೂ ತನ್ನನ್ನೇ ಪುನರಾವರ್ತಿಸುವುದರಿಂದ, ನಿಜವಾದ ಕಣಿವೆಯಿಂದ 4.3 ಮೀಟರ್ ಆಚೆ ಇನ್ನೊಂದು ಸುಳ್ಳು ಕಣಿವೆ ಕಾಣಿಸಬಹುದು. ಟೇಪಿನ ಅಳತೆಯಿಂದ ಆರಂಭಿಸಿ ಮೇಲಕ್ಕೆ ಹೋಗಿ, ಸಿಕ್ಕ ಅಂಕಿಯನ್ನು 60 ಮತ್ತು 100 ಹರ್ಟ್ಜ್‌ಗಳಲ್ಲೂ ಪರೀಕ್ಷಿಸಿದರೆ ಸುಳ್ಳು ಬಯಲಾಗುತ್ತದೆ.

ತುಟಿ ಮತ್ತು ಮಾತು

ಚಿತ್ರದ ಸಂಸ್ಕರಣೆಗೂ ಸಮಯ ಹಿಡಿಯುವುದರಿಂದ ಮಾತು ತುಟಿಗಿಂತ ಮುಂದೆ ಹೋಗುವುದುಂಟು. ಆಗ ರಿಸೀವರ್‌ನ ಆಡಿಯೊ ಡಿಲೇ ಹೆಚ್ಚಿಸಬೇಕು. ಗೇಮ್ ಮೋಡ್‌ನಲ್ಲಿ ಟಿವಿಯ ತಡ ಬಹಳ ಕಡಿಮೆ ಇರುತ್ತದೆಯಾದ್ದರಿಂದ, ಸಿನಿಮಾ ನೋಡುವ ಮೋಡ್‌ನಲ್ಲಿಯೇ ಈ ಅಂಕಿಯನ್ನು ನಿಗದಿಪಡಿಸಬೇಕು. ಎಲ್ಲ ಸ್ಪೀಕರ್‌ಗಳಿಗೂ ಒಟ್ಟಾಗಿ ಅನ್ವಯಿಸುವುದರಿಂದ ಇದು ಮೇಲೆ ಸರಿಪಡಿಸಿದ ದೂರಗಳನ್ನು ಕೆಡಿಸುವುದಿಲ್ಲ. ಸಬ್‌ವೂಫರ್ ಅನ್ನು ಬೇರೆ ಮೂಲೆಗೆ ಸರಿಸಿದರೆ ಮಾತ್ರ ಕಣಿವೆ ಹುಡುಕುವ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕು.