ಎಂಟು ದಿನ ಮುಂಚೆ ತಂದಿದ್ದರೆ ಉಳಿಯುತ್ತಿತ್ತೇ?

ಬೆಕ್ಕು ತೀರಿಕೊಂಡ ಹತ್ತು ದಿನಗಳ ನಂತರ ಹಿರಿಯರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಬಳಸದೆ ಉಳಿದಿದ್ದ ಮೂರು ಸಲೈನ್ ಬಾಟಲಿಗಳನ್ನು ಬಟ್ಟೆಯ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, ಬೇರೆ ಯಾವುದಾದರೂ ಬೆಕ್ಕಿಗೆ ಬಳಸಿಕೊಳ್ಳಿ ಎಂದರು. ಅಷ್ಟು ಹೇಳಿ ಹೊರಡಬೇಕಿದ್ದವರು ಕುರ್ಚಿಯಿಂದ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಎಂಟು ದಿನ ಮುಂಚೆ ತಂದಿದ್ದರೆ ಉಳಿಯುತ್ತಿತ್ತಾ ಡಾಕ್ಟ್ರೇ?" ಎಂದು ಕೇಳಿದರು.

ಈ ಪ್ರಶ್ನೆ ಪಶುವೈದ್ಯನಾದ ನನಗೆ ಹೊಸದಲ್ಲ. ಬೆಕ್ಕನ್ನು ಕಳೆದುಕೊಂಡವರಲ್ಲಿ ಅಗಲಿಕೆಯ ನೋವಿಗಿಂತಲೂ 'ನನ್ನಿಂದಲೇ ಹೀಗಾಯಿತು' ಎಂಬ ಕೊರಗು ಹೆಚ್ಚು ಕಾಲ ಉಳಿಯುತ್ತದೆ ಎಂಬುದು ನನ್ನ ಅನುಭವ. ದಿನ ಕಳೆದಂತೆ ಮರೆತುಹೋಗುತ್ತದೆ ಎಂಬ ಸಮಾಧಾನ ಈ ಕೊರಗಿಗೆ ತಾಗುವುದೇ ಇಲ್ಲ. ರೋಗ ಹೇಗೆ ಬೆಳೆಯಿತು, ಎಷ್ಟು ಹೊತ್ತಿಗೆ ಅದು ಕಣ್ಣಿಗೆ ಬೀಳಬಹುದಿತ್ತು ಎಂಬುದನ್ನು ಯಾರಾದರೂ ಕೂತು ಬಿಡಿಸಿ ಹೇಳಿದರೆ ಅದು ತುಸು ಸಡಿಲವಾಗುತ್ತದೆ.

ಅವರ ಬೆಕ್ಕಿಗೆ ಹದಿನಾಲ್ಕು ವರ್ಷ ದಾಟಿತ್ತು, ಮೂತ್ರಪಿಂಡಗಳು ಬಹುಕಾಲದಿಂದ ಸವೆಯುತ್ತ ಬಂದಿದ್ದವು. ಮೂತ್ರಪಿಂಡದ ಕಾರ್ಯಶಕ್ತಿಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಭಾಗ ನಷ್ಟವಾದ ಮೇಲಷ್ಟೇ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯ, ಸ್ಪಷ್ಟವಾಗಿ ಏರಿರುವುದು ಕಾಣುತ್ತದೆ. ಅದಕ್ಕೆ ಮೊದಲು ಮನೆಯವರಿಗೆ ಕಾಣುವುದು ಬೆಕ್ಕು ನೀರಿನ ಬಟ್ಟಲ ಬಳಿ ತುಸು ಹೆಚ್ಚು ಹೊತ್ತು ಕೂರುವುದು, ಬೆನ್ನಿನ ಮೂಳೆ ಕೈಗೆ ತಾಗುವುದು, ಇಷ್ಟೇ. ಇದನ್ನು ಯಾರಾದರೂ ಮುಪ್ಪೆಂದೇ ಎಣಿಸುತ್ತಾರೆ. ಬೆಕ್ಕು ಇಲಿಯನ್ನು ಹಿಡಿಯುವ ಪ್ರಾಣಿಯಾದರೂ ತನಗಿಂತ ದೊಡ್ಡ ಪ್ರಾಣಿಗಳಿಗೆ ತಾನೇ ಆಹಾರವಾಗಬಲ್ಲದ್ದರಿಂದ ನೋವನ್ನು ತೋರಗೊಡದಿರುವುದು ಅದರ ಹುಟ್ಟುಗುಣ. ಸಾಯುವ ಕಾಲಕ್ಕೆ ಬೆಕ್ಕು ಮನೆ ಬಿಟ್ಟು ಹೋಗುತ್ತದೆ ಎಂದು ಹಿರಿಯರು ಹೇಳುವುದುಂಟು. ನಿತ್ರಾಣಗೊಂಡ ಬೆಕ್ಕು ಅಟ್ಟವನ್ನೋ ಸೌದೆರಾಶಿಯ ಸಂದನ್ನೋ ಹುಡುಕಿಕೊಂಡು ಹೋಗುವುದು ಅಡಗಿಕೊಳ್ಳುವುದಕ್ಕೇ ಹೊರತು ಮನೆಯವರ ಮೇಲಿನ ಮುನಿಸಿನಿಂದಲ್ಲ. ಎಂಟು ದಿನ ಮುಂಚೆ ತಂದಿದ್ದರೆ ಇನ್ನೂ ಕೆಲವು ದಿನ ಸಿಗುತ್ತಿದ್ದವೇನೋ, ಆದರೆ ರೋಗ ವಾಸಿಯಾಗುತ್ತಿರಲಿಲ್ಲ ಎಂದು ಅವರಿಗೆ ತಿಳಿಸಿದೆ.

ಎಲ್ಲರಿಗೂ ಹೀಗೆ ಹೇಳಲು ಬರುವುದಿಲ್ಲ. ಮೈ ಬಿಸಿಯಾಗಿದೆಯೆಂದು ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಅರ್ಧ ಮುರಿದು ಹಾಲಿನಲ್ಲಿ ಕೊಟ್ಟವರಿದ್ದಾರೆ. ಅದನ್ನು ನಿರಪಾಯಕಾರಿಯಾಗಿ ಮಾರ್ಪಡಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆಯಾದ್ದರಿಂದ ಅಷ್ಟೇ ಪ್ರಮಾಣ ಪ್ರಾಣಾಂತಿಕವಾಗಬಹುದು. ಅಂಥವರು ಕೇಳಿದಾಗ ನಾನು ಸುಳ್ಳು ಹೇಳುವುದಿಲ್ಲ. ಮಾತ್ರೆಯಿಂದಲೇ ಆಯಿತು, ನೀವು ಕೊಟ್ಟದ್ದು ವಾಸಿಯಾಗಲಿ ಎಂದು, ಎರಡೂ ನಿಜ ಎನ್ನುತ್ತೇನೆ.

ದಯಾಮರಣಕ್ಕೆ ಒಪ್ಪಿದವರ ಸಂಕಟ ಇನ್ನೊಂದು ಬಗೆಯದು, ಏಕೆಂದರೆ ಬೆಕ್ಕನ್ನು ಕೊಂದ ಪಾಪ ಏಳೇಳು ಜನ್ಮಕ್ಕೂ ಬಿಡದು ಎಂಬ ಮಾತನ್ನು ನಮ್ಮಲ್ಲಿ ಅನೇಕರು ಕೇಳುತ್ತಲೇ ಬೆಳೆದಿದ್ದಾರೆ. ಅರಿವಳಿಕೆ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟಾಗ ಮೊದಲು ಪ್ರಜ್ಞೆ ಹೋಗುತ್ತದೆ, ಉಸಿರು ಮತ್ತು ಹೃದಯ ನಿಲ್ಲುವುದು ಆಮೇಲೆ. ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಪ್ರಾಣ ಹೋದ ಮೇಲೂ ಎದೆ ಒಮ್ಮೆ ಏರಿಳಿಯಬಹುದು, ಮೂತ್ರ ಹೋಗಬಹುದು. ವೃತ್ತಿಯ ಆರಂಭದಲ್ಲಿ ನಾನು ಇದನ್ನು ಮುಂಚಿತವಾಗಿ ತಿಳಿಸುತ್ತಿರಲಿಲ್ಲ. ಆ ಕೊನೆಯ ಏರಿಳಿತವನ್ನು ನೋಡಿದ ಒಬ್ಬ ತಾಯಿ, ಜೀವವಿರುವಾಗಲೇ ಮಣ್ಣು ಮಾಡಿದೆವೇನೋ ಎಂದು ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದು ತಿಳಿದ ಮೇಲೆ, ಸೂಜಿ ಕೈಗೆತ್ತಿಕೊಳ್ಳುವ ಮೊದಲೇ ಎಲ್ಲವನ್ನೂ ಹೇಳುವುದನ್ನು ರೂಢಿಸಿಕೊಂಡೆ.

ಮನುಷ್ಯರು ಸತ್ತರೆ ಸೂತಕವಿದೆ, ರಜೆಯಿದೆ, ಬಂದು ಮಾತನಾಡಿಸಿಕೊಂಡು ಹೋಗುವವರಿದ್ದಾರೆ. ಬೆಕ್ಕು ಸತ್ತರೆ "ಇನ್ನೊಂದು ಮರಿ ತಂದರಾಯಿತು" ಎನ್ನುವವರೇ ಹೆಚ್ಚು. ಸಮಾಜ ಹೀಗೆ ಲೆಕ್ಕಕ್ಕೆ ತೆಗೆದುಕೊಳ್ಳದ ದುಃಖಕ್ಕೆ ಸಾವು-ದುಃಖಗಳ ಅಧ್ಯಯನಕಾರ, ಅಮೆರಿಕದ ಕೆನೆತ್ ಡೋಕಾ 1980ರ ದಶಕದಲ್ಲಿ ಪ್ರತ್ಯೇಕ ಹೆಸರನ್ನೇ ಕೊಟ್ಟು, ಬಹಿರಂಗವಾಗಿ ತೋಡಿಕೊಳ್ಳಲಾಗದ್ದರಿಂದಲೇ ಅದು ಭಾರವಾಗುತ್ತದೆ ಎಂದು ವಿವರಿಸಿದರು. ಆದ್ದರಿಂದ ಬೆಕ್ಕಿನ ಮಾತನ್ನು ನಗದೆ ಕೇಳುವ ಒಬ್ಬರಾದರೂ ಇರುವುದು ಅಗತ್ಯ. ವಾರಗಳಾದರೂ ನಿದ್ದೆ, ಊಟ, ಕೆಲಸ ಹಳಿಗೆ ಬಾರದಿದ್ದರೆ 14416ಕ್ಕೆ ಕರೆ ಮಾಡಿ; ಅದು ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿಯೂ ಮಾತನಾಡಬಹುದು. ಮಕ್ಕಳಿಗೆ ಬೆಕ್ಕು ನಿದ್ದೆ ಮಾಡುತ್ತಿದೆ ಎಂದು ಹೇಳಬೇಡಿ, ಅವರು ಅದು ಏಳುವುದನ್ನು ಕಾಯುತ್ತಾರೆ.

ಹೊಸ ಮರಿ ತರಲು ಆತುರಪಡುವವರಿಗೆ ವೈದ್ಯಕೀಯ ಎಚ್ಚರಿಕೆಯೊಂದಿದೆ. ಸತ್ತದ್ದು ಪ್ಯಾನ್‌ಲ್ಯೂಕೋಪೇನಿಯಾ ಎಂಬ, ಬೆಕ್ಕಿನಿಂದ ಬೆಕ್ಕಿಗೆ ಅಂಟುವ ವೈರಾಣು ರೋಗದಿಂದಾದರೆ ಆ ವೈರಾಣು ನೆಲದ ಬಿರುಕಿನಲ್ಲಿ, ಹಾಸಿಗೆಯಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಲಸಿಕೆ ಪೂರ್ಣಗೊಳ್ಳದ ಮರಿಯನ್ನು ಆ ಮನೆಗೆ ತಂದರೆ ಎರಡನೆಯ ಸಾವನ್ನೂ ನೋಡಬೇಕಾದೀತು. ಮನೆಯಲ್ಲಿ ಉಳಿದಿರುವ ಬೆಕ್ಕು ಜೊತೆಗಾರನನ್ನು ಹುಡುಕುತ್ತ ಎರಡು ದಿನ ಏನನ್ನೂ ತಿನ್ನದಿದ್ದರೆ ಮೂರನೆಯ ದಿನಕ್ಕೆ ಕಾಯದೆ ವೈದ್ಯರಿಗೆ ತೋರಿಸಿ, ಏಕೆಂದರೆ ಉಪವಾಸವಿರುವ ಬೆಕ್ಕಿನ, ಅದರಲ್ಲೂ ದಪ್ಪನೆಯ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ಬೇಗ ತುಂಬಿಕೊಳ್ಳುತ್ತದೆ.

ಆ ಹಿರಿಯರ ಮನೆಯಲ್ಲಿಯೂ ಇನ್ನೊಂದು ಬೆಕ್ಕಿತ್ತು, ಅದು ಊಟ ಬಿಟ್ಟಿರಲಿಲ್ಲ. ಏಳುವ ಮೊದಲು ಅವರು ಕೇಳಿದ್ದು ಶಾಲಿನ ವಿಷಯ: ಸತ್ತ ಬೆಕ್ಕು ಮಲಗುತ್ತಿದ್ದ ಹಳೆಯ ಶಾಲಿನ ಮೇಲೆ ಈಗ ಚಿಕ್ಕದು ಮಲಗುತ್ತಿದೆ, ಒಗೆದುಬಿಡಬೇಕೇ? ಮೂತ್ರಪಿಂಡದ ಕಾಯಿಲೆ ಅಂಟುವಂಥದಲ್ಲ, ಸದ್ಯಕ್ಕೆ ಹಾಗೇ ಇರಲಿ ಎಂದೆ.