ಚಾರ್ಟ್ ಓದುವ ಕಣ್ಣಿಗೆ ಘಾಟಿ ರಸ್ತೆ ಯಾಕೆ ಕಾಣುವುದಿಲ್ಲ?

ಆಗುಂಬೆ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿ ನೋಡಿದವರಿಗೆ ಗೊತ್ತು. ಬೆಳಕು ಜಾಸ್ತಿಯಾದಷ್ಟೂ ದಾರಿ ಕಾಣದು. ನೀರಿನ ಹನಿಗಳಿಗೆ ಬಡಿದು ಬೆಳಕು ಚದುರುತ್ತದೆ, ಕಣ್ಣ ಮುಂದೆ ಬರೀ ಬಿಳುಪು. ಕಣ್ಣಿಗೆ ಪೊರೆ (ಕ್ಯಾಟರಾಕ್ಟ್) ಬಂದವರಿಗೆ ಈ ಮಂಜು ಕಣ್ಣೊಳಗೇ ಇರುತ್ತದೆ.

"ಹಗಲು ಪರವಾಗಿಲ್ಲ ಮಾರಾಯ, ರಾತ್ರಿ ಎದುರಿಗೆ ಲೈಟ್ ಬಂದ್ರೆ ಏನೂ ಕಾಣಲ್ಲ" ಎಂದು ತೀರ್ಥಹಳ್ಳಿ ಕಡೆಯ ಹಿರಿಯರು ಹೇಳುವುದುಂಟು. ಅವರೇ ಆಸ್ಪತ್ರೆಯ ಅಕ್ಷರದ ಚಾರ್ಟನ್ನು ಕೆಳಗಿನ ಸಾಲುಗಳವರೆಗೂ ಓದಿಬಿಡುತ್ತಾರೆ. ಮನೆಯವರಿಗೆ ಅನುಮಾನ: ಸುಮ್ನೆ ಹೇಳ್ತಿದ್ದಾರಾ?

ಪೊರೆ ತೆಗೆಯುವ ವಿದ್ಯೆ ಬಹಳ ಮುಂದೆ ಹೋಗಿದೆ. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಕಣ್ಣೊಳಗಿನ ಮಂಜಾದ ಲೆನ್ಸನ್ನೇ ಹೊರತೆಗೆದರು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಆ ಜಾಗಕ್ಕೆ ಪ್ಲಾಸ್ಟಿಕ್ ಲೆನ್ಸ್ ಕೂರಿಸಿದರು. ನಮ್ಮವರೇ ಆದ ಡಾ. ಎಂ.ಸಿ. ಮೋದಿ ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಇದೆ. ಆದರೆ ಪೊರೆ ಇರುವಾಗ ಆ ಮನುಷ್ಯನಿಗೆ ಏನು ಕಾಣುತ್ತದೆ? ಈ ಪ್ರಶ್ನೆಗೆ ಉತ್ತರ ಬೇರೆ ದಾರಿಯಲ್ಲಿ, ಲೆಕ್ಕದ ದಾರಿಯಲ್ಲಿ ಬಂತು.

1911ರಲ್ಲಿ ನೊಬೆಲ್ ಪಡೆದ ಸ್ವೀಡನ್ನಿನ ಕಣ್ಣಿನ ವೈದ್ಯ ಗುಲ್‌ಸ್ಟ್ರಾಂಡ್ ಕಣ್ಣನ್ನು ಅಳತೆಗಳ ಒಂದು ಮಾದರಿಯಾಗಿ ಬರೆದಿಟ್ಟಿದ್ದರು. ಅದರಲ್ಲಿದ್ದದ್ದು ತಿಳಿಯಾದ ಲೆನ್ಸ್. 1920ರ ದಶಕದಲ್ಲಿ ಹಾಲಡೇ ಮತ್ತು ಸ್ಟೈಲ್ಸ್ ಎಂಬ ವಿಜ್ಞಾನಿಗಳು ಕಣ್ಣು ಕೋರೈಸುವುದನ್ನು ಲೆಕ್ಕಕ್ಕೆ ಇಳಿಸಿದರು: ಪಕ್ಕದ ದೀಪದ ಬೆಳಕು ಕಣ್ಣೊಳಗೆ ಚದುರಿ, ನಾವು ನೋಡುವ ವಸ್ತುವಿನ ಮೇಲೆ ಪರದೆಯಾಗಿ ಬೀಳುತ್ತದೆ. 1971ರಲ್ಲಿ ಅಮೆರಿಕದ ಭೌತವಿಜ್ಞಾನಿ ಜಾರ್ಜ್ ಬೆನೆಡೆಕ್ ಇನ್ನೂ ಒಳಗೆ ಹೋದರು. ಲೆನ್ಸಿನ ಪ್ರೋಟೀನುಗಳು ಒತ್ತಾಗಿ, ಸಮನಾಗಿ ಕೂತಿರುವಷ್ಟು ದಿನ ಲೆನ್ಸ್ ತಿಳಿ. ಅವು ದೊಡ್ಡ ಗುಂಪುಗಳಾಗಿ ಅಂಟಿಕೊಂಡರೆ ಬೆಳಕು ಚದುರಲು ಶುರು.

ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಮುಖ್ಯವಾದದ್ದು ಇಲ್ಲಿದೆ. ಕಣ್ಣಿಗೆ ಬೆಳಕು ಬಿಟ್ಟು ನೋಡುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪಿನಲ್ಲಿ ಡಾಕ್ಟರಿಗೆ ಕಾಣುವುದು ಲೆನ್ಸಿನಿಂದ ಹಿಂದಕ್ಕೆ, ಅವರ ಕಡೆ ಚದುರಿದ ಬೆಳಕು. ರೋಗಿಯನ್ನು ಕಾಡುವುದು ಮುಂದಕ್ಕೆ, ಚಿತ್ರ ಮೂಡುವ ರೆಟಿನಾದ ಕಡೆ ಚದುರಿದ್ದು. ಇವೆರಡೂ ಒಂದೇ ಅಳತೆಯಲ್ಲಿ ಇರಬೇಕಿಲ್ಲ. ಚಾರ್ಟಿನಲ್ಲಂತೂ ಬಿಳಿ ಹಲಗೆ, ಕಡುಕಪ್ಪು ಅಕ್ಷರ, ಎದುರಿಗೆ ಯಾವ ಲಾರಿಯೂ ಇಲ್ಲ. ಹಿರಿಯರ ಮಾತೂ ನಿಜ, ಚಾರ್ಟೂ ನಿಜ.

ಕಂಪ್ಯೂಟರ್ ಇದನ್ನೆಲ್ಲ ಚಿತ್ರವಾಗಿ ತೋರಿಸಿತು. 2006ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ಮೈಕೆಲ್ ಮಾರ್ಮರ್, ಪೊರೆ ಬಂದಿದ್ದ ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆಗೆ ತನ್ನದೇ ತೋಟ ಹೇಗೆ ಕಂಡಿರಬಹುದು ಎಂದು ಚಿತ್ರಗಳನ್ನು ಮಸುಕು ಮಾಡಿ, ಹಳದಿ ಹಚ್ಚಿ ತೋರಿಸಿದರು. ಲೆನ್ಸಿನ ಮಧ್ಯದಲ್ಲಿ ಬರುವ ಪೊರೆ ನೀಲಿ ಬಣ್ಣವನ್ನು ನುಂಗುತ್ತದೆ ಎನ್ನುವುದು ಅಲ್ಲಿ ಎದ್ದು ಕಾಣುತ್ತದೆ.

ಆದರೆ ನಿಂತ ಚಿತ್ರ ಸಾಲದು. ಲೆನ್ಸಿನ ಹಿಂಬದಿಯಲ್ಲಿ ಬರುವ ಪೊರೆ ಬಿಸಿಲಲ್ಲೇ ಜಾಸ್ತಿ ಕಾಡುತ್ತದೆ. ಪಾಪೆ ಕಿರಿದಾದಾಗ ಬೆಳಕಿಗೆ ಉಳಿಯುವ ಕಿಂಡಿಯಲ್ಲೇ ಅದು ಅಡ್ಡ ಕೂತಿರುತ್ತದಲ್ವಾ! 2020ರಲ್ಲಿ ವಿಯೆನ್ನಾದ ಸಂಶೋಧಕರು ಪೊರೆಯ ನೋಟವನ್ನು ಕಣ್ಣ ಮುಂದೆ ತೋರಿಸುವ, ತಲೆಗೆ ಹಾಕುವ ಸಾಧನದಲ್ಲಿ ಇದನ್ನೂ ಸೇರಿಸಿದರು. ನೋಟ ತಿರುಗಿದ ಕಡೆ ಮಸುಕೂ ತಿರುಗುತ್ತದೆ, ಬೆಳಕು ಬದಲಾದರೆ ಅದೂ ಬದಲಾಗುತ್ತದೆ. ಪರೀಕ್ಷಿಸಿದವರು ಒಂದು ಕಣ್ಣಿಗೆ ಆಪರೇಷನ್ ಆಗಿ ಇನ್ನೊಂದು ಬಾಕಿ ಇದ್ದ ರೋಗಿಗಳು. ಇವರಿಗಿಂತ ಒಳ್ಳೆ ಸಾಕ್ಷಿ ಎಲ್ಲಿ ಸಿಗಬೇಕು?

ಸಾಧನ ನಮ್ಮೂರಿಗೆ ಬರುವವರೆಗೆ ಕಾಯಬೇಕಿಲ್ಲ. ಕಣ್ಣಿಗೆ ಬೆಳಕು ಬಿಟ್ಟು ಚಾರ್ಟ್ ಓದಿಸುವ ಪರೀಕ್ಷೆ ಇದೆ. ರಾತ್ರಿ ಗಾಡಿ ಓಡಿಸುವವರು ಅದನ್ನು ಕೇಳಿ ಮಾಡಿಸಿಕೊಳ್ಳಬಹುದು.